ಪ್ರಮಾಣಪತ್ರ ಕೊಟ್ಟವರು ಶಾಲೆಗೂ ಬರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಐದನೇ ತರಗತಿಯ ಮಗು ಎರಡನೇ ತರಗತಿಯ ಪಾಠ ಓದಲು ತಡವರಿಸಿದರೆ ನಾವು ಯಾರನ್ನು ಕೇಳುತ್ತೇವೆ? ಮೊದಲು ಮಗುವನ್ನೇ ಗದರಿಸುತ್ತೇವೆ. ಆಮೇಲೆ ಕ್ಲಾಸ್ ಟೀಚರನ್ನು ಕೇಳುತ್ತೇವೆ. ಪಿ.ಟಿ.ಎ. ಸಭೆಯಲ್ಲಿ ಎದ್ದು ನಿಂತು ಮುಖ್ಯೋಪಾಧ್ಯಾಯರನ್ನೂ ಕೇಳುತ್ತೇವೆ. ಆದರೆ ಆ ಟೀಚರಿಗೆ ತರಬೇತಿ ಕೊಟ್ಟು, ಇವರು ಪಾಠ ಮಾಡಲು ತಯಾರಾಗಿದ್ದಾರೆ ಎಂದು ಪ್ರಮಾಣಪತ್ರ ಬರೆದುಕೊಟ್ಟ ಸಂಸ್ಥೆಯನ್ನು ಯಾರೂ ಕೇಳುವುದಿಲ್ಲ. ಅದರ ಹೆಸರು ಕೂಡ ನಮಗೆ ಗೊತ್ತಿರುವುದಿಲ್ಲ. ನರ್ಸರಿಯಿಂದ ತಂದು ನೆಟ್ಟ ಅಡಿಕೆ ಸಸಿ ಸಾಲಾಗಿ ಸೊರಗಿದರೆ ನಾವು ನರ್ಸರಿಯವರ ಹತ್ತಿರ ಹೋಗುತ್ತೇವೆ. ಮಕ್ಕಳ ವಿಷಯದಲ್ಲಿ ಯಾಕೆ ಹೋಗುವುದಿಲ್ಲ? ಈ ಹೊತ್ತು ಅದನ್ನೇ ಮಾತಾಡಬೇಕೆಂದಿದ್ದೇನೆ.

ಓದಲು ತಡವರಿಸುವ ಮಕ್ಕಳು ಅಲ್ಲೊಬ್ಬರು ಇಲ್ಲೊಬ್ಬರು ಅಲ್ಲ. ಹಳ್ಳಿ ಮಕ್ಕಳ ಓದು, ಲೆಕ್ಕ ಪರೀಕ್ಷಿಸಿ ನೋಡುವ 'ಅಸರ್' ಸಮೀಕ್ಷೆಯ 2024ರ ವರದಿಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿ ಮಟ್ಟದ ಪಾಠ ಓದಬಲ್ಲವರು ಶೇಕಡಾ 49ರಷ್ಟು. ಅರ್ಧ ಕೂಡ ಇಲ್ಲ. ಇವರ ಟೀಚರುಗಳೆಲ್ಲ ಕೆಲಸಗಳ್ಳರು ಎಂದರೆ ನಾನು ಒಪ್ಪುವುದಿಲ್ಲ. ಅವರಲ್ಲಿ ತುಂಬಾ ಜನರಿಗೆ ಮಗುವಿಗೆ ಓದು ಹತ್ತಿಸುವುದು ಹೇಗೆ ಎಂಬುದನ್ನೇ ಸರಿಯಾಗಿ ಹೇಳಿಕೊಟ್ಟಿಲ್ಲ.

ಇದು ನನ್ನೊಬ್ಬನ ಮಾತಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ 2012ರಲ್ಲಿ ಶಿಕ್ಷಕ ತರಬೇತಿಯ ಸ್ಥಿತಿಯನ್ನು ನೋಡಿ ವರದಿ ಕೊಟ್ಟಿತು. ಆ ವರದಿಯನ್ನು ನೆನಪಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಿಚ್ಚಿ ಹೇಳಿದೆ: ದೇಶದಲ್ಲಿ ಬಿಡಿಯಾಗಿ ನಡೆಯುವ ತರಬೇತಿ ಸಂಸ್ಥೆಗಳು 10,000ಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ಮನಸ್ಸಿಟ್ಟು ತರಬೇತಿ ಕೊಡುವ ಪ್ರಯತ್ನವನ್ನೇ ಮಾಡದೆ ದುಡ್ಡಿಗೆ ಪದವಿ ಮಾರುತ್ತಿವೆ. ಸರಕಾರದ ನೀತಿಯಲ್ಲೇ ಅಚ್ಚಾದ ಮಾತಿದು. ಪದವಿ ಮಾರಿದವರು ಮಾರಿಕೊಂಡು ಹೋದರು. ಕೊಂಡವರು ನಮ್ಮ ಮಕ್ಕಳ ಮುಂದೆ ಬಂದು ನಿಂತರು.

ಮೇಲಿನವರು ಏನೂ ಮಾಡಲಿಲ್ಲ ಎಂದಲ್ಲ. ಒಂದು ವರ್ಷದ ಬಿ.ಎಡ್. 2015ರಿಂದ ಎರಡು ವರ್ಷದ್ದಾಯಿತು. ಅದರಲ್ಲಿ ಕನಿಷ್ಠ 20 ವಾರ ಶಾಲೆಯಲ್ಲೇ ಇದ್ದು ಕಲಿಯಬೇಕೆಂಬ ನಿಯಮ ಬಂತು. ಒಳ್ಳೆಯ ನಿಯಮ. ಆದರೆ ನಾನು ನೋಡಿದ ಮಟ್ಟಿಗೆ ಆ ವಾರಗಳಲ್ಲಿ ಜಾಸ್ತಿ ಕಾಲ ಹೋಗುವುದು ಪಾಠಯೋಜನೆ ಬರೆಯುವುದರಲ್ಲಿ, ಚಾರ್ಟ್ ಅಂಟಿಸುವುದರಲ್ಲಿ, ರೆಕಾರ್ಡಿಗೆ ಸಹಿ ಹಾಕಿಸುವುದರಲ್ಲಿ. ಕಾಲೇಜಿನಿಂದ ಉಪನ್ಯಾಸಕರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಒಂದು ಪಾಠ ನೋಡುತ್ತಾರೆ. ಆ ದಿನ ಮಕ್ಕಳೂ ಟೀಚರೂ ಚಂದವಾಗಿ ತಯಾರಾಗಿರುತ್ತಾರೆ. ಮಗು ಏನು ಕಲಿಯಿತು ಎಂಬ ಲೆಕ್ಕ ಯಾವ ರೆಕಾರ್ಡಿನಲ್ಲೂ ಇರುವುದಿಲ್ಲ.

ಇನ್ನು ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಸಂಗತಿ. ಮಂಜೇಶ್ವರದ ಕಡೆಯದೋ, ಬದಿಯಡ್ಕದ ಕಡೆಯದೋ ಒಂದು ಕನ್ನಡ ಶಾಲೆಯ ಒಂದನೇ ತರಗತಿಗೆ ಹೋಗಿ ನೋಡಿ. ಒಂದು ಮಗುವಿನ ಮನೆಮಾತು ತುಳು. ಪಕ್ಕದಲ್ಲಿ ಕೂತ ಮಗುವಿನದು ಬ್ಯಾರಿ. ಇನ್ನೊಂದು ಮನೆಯಲ್ಲಿ ಕೊಂಕಣಿ, ಮತ್ತೊಂದರಲ್ಲಿ ಮರಾಠಿ. ಹವ್ಯಕ ಮನೆಯ ಮಗು ಆಡುವ ಕನ್ನಡವೇ ಬೇರೆ, ಪುಸ್ತಕದ ಕನ್ನಡವೇ ಬೇರೆ. ಶಾಲೆಯ ಪುಸ್ತಕಗಳಲ್ಲಿ ಹಲವು ಮಲಯಾಳದಿಂದ ಅನುವಾದವಾಗಿ ಬಂದವು. ಹಲವು ಕಡೆ ಮಕ್ಕಳು ಕಡಿಮೆ, ಹಾಗಾಗಿ ಎರಡು ತರಗತಿಯವರನ್ನು ಒಟ್ಟಿಗೆ ಕೂರಿಸುವುದೂ ಉಂಟು. ಇಂಥ ಕೋಣೆಯಲ್ಲಿ ಅಕ್ಷರ ಕಲಿಸುವುದಕ್ಕೆ ದೊಡ್ಡ ಕೌಶಲ ಬೇಕು. ಮನೆಮಾತನ್ನು ಹೀಗಳೆಯದೆ, ಅದರ ಕೈಹಿಡಿದೇ ಕನ್ನಡಕ್ಕೆ ತರಬೇಕು. ಒಂದು ಗುಂಪಿಗೆ ಕೆಲಸ ಕೊಟ್ಟು ಇನ್ನೊಂದರ ಜೊತೆ ಕೂರಬೇಕು. ಯಾರು ಓದುತ್ತಿದ್ದಾರೆ, ಯಾರು ಬರೀ ಬಾಯಿಪಾಠ ಒಪ್ಪಿಸುತ್ತಿದ್ದಾರೆ ಎಂಬುದನ್ನು ಮೊದಲ ತಿಂಗಳಲ್ಲೇ ಗುರುತಿಸಬೇಕು. ಇದನ್ನು ಎಷ್ಟು ತರಬೇತಿ ಕಾಲೇಜುಗಳಲ್ಲಿ ಮಾಡಿ ತೋರಿಸುತ್ತಾರೆ? ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಬರೆದ ಮನಶ್ಶಾಸ್ತ್ರಜ್ಞರು ಪಿಯಾಜೆ, ವೈಗೋಟ್‌ಸ್ಕಿ ಎಲ್ಲರ ಸಿದ್ಧಾಂತವೂ ಪರೀಕ್ಷೆಗೆ ಬರುತ್ತದೆ. ಈ ಕೋಣೆ ಬರುವುದಿಲ್ಲ.

ಇದಕ್ಕಿಂತ ನೋವಿನದು ಇನ್ನೊಂದಿದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿಯೂ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ ಅದು. ಆದರೂ ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದ ಅಧ್ಯಾಪಕರು ಬಂದದ್ದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಮಕ್ಕಳು ತರಗತಿ ಬಿಟ್ಟು ಅಂಗಳದಲ್ಲಿ ಕೂತದ್ದಿದೆ. ಹೆತ್ತವರು ಗೇಟಿನ ಮುಂದೆ ನಿಂತದ್ದಿದೆ. ಆಗೆಲ್ಲ ಸಿಟ್ಟು ತಿರುಗುವುದು ಆ ಹೊಸ ಟೀಚರ ಮೇಲೆ. ಅವರು ಕೆಲಸ ಹುಡುಕಿಕೊಂಡು ಬಂದವರು, ಅಷ್ಟೇ. ಅವರಿಗೆ ಕನ್ನಡ ಗೊತ್ತಿದೆ ಎಂದು ಒಪ್ಪಿಕೊಂಡವರು ಯಾರು? ಕನ್ನಡದಲ್ಲಿ ಒಂದು ಗಣಿತದ ಪಾಠವನ್ನೂ ಮಾಡಿಸದೆ ತರಬೇತಿ ಮುಗಿಸಿ ಕಳಿಸಿದವರು ಯಾರು? ಮೈಸೂರಿನಲ್ಲಿ ಕೇಂದ್ರ ಸರಕಾರದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರ ಇದೆ. ಬೇರೆ ಭಾಷೆಯ ಅಧ್ಯಾಪಕರಿಗೆ ಹತ್ತು ತಿಂಗಳಲ್ಲಿ ಕನ್ನಡ ಕಲಿಸುವ ಒಳ್ಳೆಯ ಕೆಲಸ ಅಲ್ಲಿ ನಡೆಯುತ್ತದೆ. ಆದರೆ ಹತ್ತು ತಿಂಗಳ ಕನ್ನಡದಿಂದ ಪೇಪರ್ ಓದಬಹುದು, ಮಾತಾಡಬಹುದು. ಭಿನ್ನರಾಶಿ ಅರ್ಥವಾಗದೆ ಕಣ್ಣಲ್ಲಿ ನೀರು ತುಂಬಿಕೊಂಡ ಮಗುವಿಗೆ ಅದನ್ನೇ ನಾಲ್ಕು ಬೇರೆ ಬೇರೆ ರೀತಿಯಲ್ಲಿ ಬಿಡಿಸಿ ಹೇಳಬೇಕಲ್ವಾ? ಅದಕ್ಕೆ ಆ ಕನ್ನಡ ಸಾಲುವುದಿಲ್ಲ.

ಪರೀಕ್ಷೆ ಇದೆಯಲ್ಲ, ಟಿ.ಇ.ಟಿ., ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಅದು ಸೋಸುವುದಿಲ್ಲವೇ ಎಂದು ನೀವು ಕೇಳಬಹುದು. 150 ಪ್ರಶ್ನೆ, ಸಾಮಾನ್ಯ ವರ್ಗದವರಿಗೆ ಶೇಕಡಾ 60 ಅಂಕ ಬೇಕು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಹಳೆಯ ಶಿಕ್ಷಕರೂ ಇದನ್ನು ಪಾಸಾಗಬೇಕು ಎಂದಾಯಿತು. ಅಂದರೆ ಭಾರ ಮತ್ತೆ ಟೀಚರ ತಲೆಯ ಮೇಲೇ ಬಂತು. ಫೇಲಾದರೆ ಅವರ ಹೆಸರಿನ ಮುಂದೆ ಫೇಲ್ ಎಂದು ಬರುತ್ತದೆ. ಅವರನ್ನು ತಯಾರು ಮಾಡಿದ ಸಂಸ್ಥೆಯ ಹೆಸರು ಎಲ್ಲೂ ಬರುವುದಿಲ್ಲ. ಯಾವ ಕಾಲೇಜಿನವರು ಎಷ್ಟು ಮಂದಿ ಬರೆದರು, ಎಷ್ಟು ಮಂದಿ ಪಾಸಾದರು ಎಂದು ಒಂದು ಪಟ್ಟಿ ಹೊರಡಿಸಲು ದೊಡ್ಡ ಖರ್ಚೇನೂ ಇಲ್ಲ. ಮೊದಲು ಅದಾಗಲಿ.

ಅದಷ್ಟೇ ಸಾಲದು. ಟಿಕ್ ಹಾಕುವ ಪರೀಕ್ಷೆಯಲ್ಲಿ ಪಾಠ ಮಾಡುವ ಕೈ ಕಾಣುವುದಿಲ್ಲ. ಅಮೆರಿಕದ ಲೂಸಿಯಾನ ರಾಜ್ಯದಲ್ಲಿ, ಒಂದು ಕಾಲೇಜಿನಿಂದ ಬಂದ ಹೊಸ ಶಿಕ್ಷಕರ ತರಗತಿಯ ಮಕ್ಕಳು ವರ್ಷದಲ್ಲಿ ಎಷ್ಟು ಮುಂದೆ ಹೋದರು ಎಂಬುದನ್ನು ಆ ಕಾಲೇಜಿನ ಲೆಕ್ಕಕ್ಕೇ ಬರೆದು ನೋಡಿದರು. 2016ರಲ್ಲಿ ಒಬಾಮ ಸರಕಾರ ಇಡೀ ದೇಶಕ್ಕೆ ಅಂಥದ್ದೇ ನಿಯಮ ತಂದಿತು. 2017ರ ಮಾರ್ಚಿನಲ್ಲಿ ಅದು ರದ್ದಾಯಿತು. ವಿರೋಧಿಸಿದವರ ಒಂದು ಮಾತು ನಮಗೂ ತಾಗುತ್ತದೆ. ಬಡ ಮಕ್ಕಳ ಶಾಲೆಗೆ, ಕಷ್ಟದ ಊರಿಗೆ ಶಿಕ್ಷಕರನ್ನು ಕಳಿಸುವ ಕಾಲೇಜಿಗೇ ಕೆಟ್ಟ ಹೆಸರು ಬರುತ್ತದೆ ಎಂದರು ಅವರು. ನಿಜವೇ. ಪೇಟೆಯ ಶಾಲೆಯ ಅಂಕವನ್ನೂ ಗಡಿಯ ಶಾಲೆಯ ಅಂಕವನ್ನೂ ಪಕ್ಕಪಕ್ಕ ಇಟ್ಟು ಸುಮ್ನೆ ತೂಗಿದರೆ ಅನ್ಯಾಯ. ಮಗು ಜೂನಿನಲ್ಲಿ ಎಲ್ಲಿತ್ತು, ಮಾರ್ಚಿಗೆ ಎಲ್ಲಿಗೆ ಬಂತು, ಅದನ್ನು ನೋಡಬೇಕು.

ನಮ್ಮಲ್ಲಿ ಇದಕ್ಕೆ ಜಾಗವೂ ಇದೆ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ್ದು ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ. ನಮ್ಮದು ಮಾಯಿಪ್ಪಾಡಿಯಲ್ಲಿದೆ. ಹೊಸಬರನ್ನು ತಯಾರು ಮಾಡುವುದೂ ಅದರ ಕೆಲಸ, ಈಗಾಗಲೇ ಕೆಲಸದಲ್ಲಿರುವವರಿಗೆ ತರಬೇತಿ ಕೊಡುವುದೂ ಅದರ ಕೆಲಸ. ಅಲ್ಲಿಂದ ನಮ್ಮ ಶಾಲೆಗಳು ದೂರವಿಲ್ಲ. ತಾನು ಕಲಿಸಿದವರನ್ನು ಮೂರು ವರ್ಷ ಹಿಂಬಾಲಿಸಲಿ. ಅಲ್ಲಿನ ಉಪನ್ಯಾಸಕರು ವರ್ಷಕ್ಕೆ ಕೆಲವು ವಾರ ಕನ್ನಡ ಶಾಲೆಯ ಒಂದನೇ ತರಗತಿಗೆ ತಾವೇ ಪಾಠ ಮಾಡಲಿ. ಅಧ್ಯಾಪಕರ ಮೇ ತಿಂಗಳ ತರಬೇತಿಯಲ್ಲಿ, ಸುತ್ತಲಿನ ಶಾಲೆಗಳ ಅಧ್ಯಾಪಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಹಾಜರಿ ಎಷ್ಟಿತ್ತು ಎಂಬುದರ ಜೊತೆಗೆ, ಆಮೇಲೆ ತರಗತಿಯಲ್ಲಿ ಏನು ಬದಲಾಯಿತು ಎಂದೂ ಬರೆದಿಡಲಿ. ಬಿ.ಎಡ್. ನಡೆಸುವ ವಿಶ್ವವಿದ್ಯಾಲಯಗಳಿಗೂ ಖಾಸಗಿ ಕಾಲೇಜುಗಳಿಗೂ ಇದೇ ಅಳತೆ ಇರಲಿ. ಕನ್ನಡ ಮಾಧ್ಯಮಕ್ಕೆ ಹೋಗುವವರ ಶಾಲಾ ತರಬೇತಿ ಕನ್ನಡ ಶಾಲೆಯಲ್ಲೇ ನಡೆಯಲಿ.

ಕೇಳಬೇಕಾದವರು ನಾವೇ. ಕೇರಳದಲ್ಲಿ ಸರಕಾರಿ ಎಲ್.ಪಿ., ಯು.ಪಿ. ಶಾಲೆಗಳು, ಅಂದರೆ ಕಿರಿಯ, ಹಿರಿಯ ಪ್ರಾಥಮಿಕ ಶಾಲೆಗಳು, ಗ್ರಾಮ ಪಂಚಾಯತಿನ ಕೈಯಲ್ಲಿವೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ನಮ್ಮ ಶಾಲೆಯ ಅಧ್ಯಾಪಕರು ತರಬೇತಿ ಪಡೆದದ್ದು ಎಲ್ಲೆಲ್ಲಿ, ಆ ಸಂಸ್ಥೆಗಳಿಂದ ಕಳೆದ ವರ್ಷ ಯಾರಾದರೂ ಬಂದು ನೋಡಿದ್ದಾರಾ ಎಂದು ಕೇಳಿ. ಬಂದಿಲ್ಲವಾದರೆ, ಬನ್ನಿ ಎಂದು ಪಂಚಾಯತಿನಿಂದಲೇ ಪತ್ರ ಹೋಗಲಿ. ಪತ್ರವನ್ನು ಕನ್ನಡದಲ್ಲೇ ಬರೆಯಿರಿ. ಉತ್ತರವೂ ಕನ್ನಡದಲ್ಲಿ ಬೇಕೆಂದು ಕೊನೆಯಲ್ಲಿ ಸೇರಿಸಿ.

ನಮಸ್ಕಾರ.