ಪಾಯಿಂಟ್‌ಗಳ ನಡುವಿನ ಮಾತು

ಕೇಳುಗರಿಗೆ ನಮಸ್ಕಾರ. ಮುಂಗಾರು ಹಿಡಿಯಿತೆಂದರೆ ಮಡಿಕೇರಿಯಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಬಯಲಿನ ಟೆನಿಸ್ ಅಂಕಣಗಳಿಗೆ ಕೆಲಸವಿರುವುದಿಲ್ಲ. ಗೆರೆಗಳ ಮೇಲೆ ಪಾಚಿ ಕಟ್ಟುತ್ತದೆ, ರ‍್ಯಾಕೆಟ್‌ಗಳು ಅಟ್ಟ ಸೇರುತ್ತವೆ. ಹೀಗೆ ಅಂಕಣಕ್ಕೆ ಇಳಿಯಲಾಗದ ತಿಂಗಳುಗಳಲ್ಲೂ ಮಾಡಬಹುದಾದ ಒಂದು ಅಭ್ಯಾಸವಿದೆ. ಆಟಗಾರ ತನ್ನೊಡನೆ ತಾನೇ ಆಡಿಕೊಳ್ಳುವ ಮಾತನ್ನು ಪಳಗಿಸುವ ಅಭ್ಯಾಸ ಅದು.

ಟೆನಿಸ್‌ನಲ್ಲಿ ಚೆಂಡು ಚಲಿಸುತ್ತಿರುವ ಹೊತ್ತಿಗಿಂತ ನಿಂತಿರುವ ಹೊತ್ತೇ ಹೆಚ್ಚು. ಒಂದು ಪಾಯಿಂಟ್ ಮುಗಿದು ಮತ್ತೊಂದು ಶುರುವಾಗುವ ಮುನ್ನ ನಿಯಮ 25 ಸೆಕೆಂಡು ಕೊಡುತ್ತದೆ, ಬದಿ ಬದಲಿಸುವಾಗ 90 ಸೆಕೆಂಡು. ಬಹುಕಾಲ ಸಿಂಗಲ್ಸ್ ಆಟಗಾರನಿಗೆ ಪಂದ್ಯದ ನಡುವೆ ತರಬೇತುದಾರನ ಮಾತು ಕೇಳುವ ಅವಕಾಶವೇ ಇರಲಿಲ್ಲ. ಅಂಕಣದ ಹೊರಗಿನಿಂದ ಸಲಹೆ ಕೊಡಲು ಅಂತರರಾಷ್ಟ್ರೀಯ ನಿಯಮ ಒಪ್ಪಿದ್ದು 2025ರ ಜನವರಿಯಿಂದ. ಒಪ್ಪಿದ ಮೇಲೂ, ಎದುರಾಳಿಯ ಸರ್ವ್‌ಗಾಗಿ ಬಾಗಿ ನಿಂತ ಕ್ಷಣದಲ್ಲಿ ಕಿವಿಗೆ ಬೀಳುವುದು ಸ್ವಂತ ದನಿಯೊಂದೇ.

ಆ ದನಿ ಏನು ಹೇಳುತ್ತದೆಂದು ತಿಳಿಯಬೇಕಾದರೆ ಹನ್ನೆರಡು ವರ್ಷದ ಮಕ್ಕಳ ಪಂದ್ಯವನ್ನು ಬೇಲಿಯಾಚೆ ನಿಂತು ಕೇಳಬೇಕು. ಎರಡನೆಯ ಸರ್ವ್ ಬಲೆಗೆ ಬಿದ್ದದ್ದೇ ತಡ, "ಥೂ, ನಿನ್ನ ಕೈಲಿ ಆಗಲ್ಲ" ಎಂಬ ಮಾತು ಹೊರಬೀಳುತ್ತದೆ. ಅದು ಹೆಚ್ಚಾಗಿ ಆ ಮಗುವಿನ ಮಾತೂ ಆಗಿರುವುದಿಲ್ಲ, ಮನೆಯಲ್ಲೋ ಅಂಕಣದ ಬದಿಯಲ್ಲೋ ಯಾರೋ ಹಿರಿಯರು ಗದರಿದ್ದರ ಪಡಿಯಚ್ಚು ಎಂಬುದು ನನ್ನ ಅನಿಸಿಕೆ. ಬೈಗುಳ ಬಾಯಲ್ಲೇ ಉಳಿದರೆ ಚಿಂತೆಯಿರಲಿಲ್ಲ, ಅದು ಮೈಗಿಳಿಯುತ್ತದೆ. ಹಿಡಿತ ಬಿಗಿಯಾಗುತ್ತದೆ, ಉಸಿರು ಮೇಲುಮೇಲಕ್ಕೆ ಬರುತ್ತದೆ, ಸರ್ವ್‌ಗೆಂದು ಎಸೆದ ಚೆಂಡು ಎಂದಿನ ಎತ್ತರ ತಲುಪುವುದಿಲ್ಲ, ಮುಂದಿನ ಸರ್ವ್ ಮತ್ತೆ ಬಲೆಗೇ ಬೀಳುತ್ತದೆ.

ಅಮೆರಿಕದ ಕ್ರೀಡಾ ಮನೋವಿಜ್ಞಾನಿ ಜೂಡಿ ವಾನ್ ರಾಲ್ಟೆ ಮತ್ತು ಸಂಗಡಿಗರು ಕಿರಿಯ ಟೆನಿಸ್ ಆಟಗಾರರ ಪಂದ್ಯಗಳನ್ನು ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತನ್ನನ್ನು ತಾನು ಹಳಿದುಕೊಳ್ಳುವ ಮಾತಿಗೂ ಸೋಲಿಗೂ ನಂಟು ಕಂಡಿತ್ತು. ಆದರೆ ಹೊಗಳಿಕೆಯ ಮಾತಿಗೂ ಗೆಲುವಿಗೂ ಅಂಥ ನಂಟು ಕಾಣಲಿಲ್ಲ. ಎರಡನೆಯ ಸಂಗತಿಯನ್ನು ನಮ್ಮ ಪೋಷಕರು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಬೈಯುವುದನ್ನು ಬಿಡಿಸಿ "ನಾನೇ ಗೆಲ್ಲುತ್ತೇನೆ" ಎಂದು ಜಪಿಸಲು ಕಲಿಸಿದರೆ ಕೆಲಸ ಮುಗಿಯಿತೆಂಬ ನಂಬಿಕೆ ವ್ಯಾಪಕವಾಗಿದೆ. ಕೈಕಾಲಿಗೆ ಬೇಕಾದದ್ದು ಚಿಕ್ಕ ಸೂಚನೆ: "ಚೆಂಡು ಮೇಲಕ್ಕೆ", "ಮೊಣಕಾಲು", "ಉಸಿರು ಬಿಡು". "ಡಬಲ್ ಫಾಲ್ಟ್ ಮಾಡಬೇಡ" ಎಂದುಕೊಂಡವನ ಕಣ್ಣಮುಂದೆ ಡಬಲ್ ಫಾಲ್ಟೇ, ಅಂದರೆ ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವುದೇ, ನಿಲ್ಲುತ್ತದೆ. ಬೇಡ ಎಂಬ ಪದವನ್ನು ದೇಹ ಅಷ್ಟಾಗಿ ಕೇಳಿಸಿಕೊಳ್ಳುವುದಿಲ್ಲ.

ಯಾವ ಮಾತು ಸರಿ ಎಂದು ಅಳೆಯಲು ನಾನು ಹೇಳಿಕೊಡುವ ಉಪಾಯ ನಮ್ಮ ನೆಲದ್ದೇ. ಕೊಡಗಿನಲ್ಲಿ ಬೆಳೆದ ರೋಹನ್ ಬೋಪಣ್ಣ ಡಬಲ್ಸ್ ಆಟಗಾರರಾಗಿ ಹೆಸರು ಮಾಡಿದವರು. ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ 2024ರ ಆಸ್ಟ್ರೇಲಿಯನ್ ಓಪನ್ ಗೆದ್ದಾಗ ಅವರಿಗೆ 43 ವರ್ಷ. ಡಬಲ್ಸ್ ಜೋಡಿಗಳು ಪಾಯಿಂಟ್ ಗೆಲ್ಲಲಿ, ಸೋಲಲಿ, ಬಳಿಸಾರಿ ಕೈ ತಟ್ಟಿ ಎರಡು ಮಾತಾಡಿ ಚದುರುವುದನ್ನು ನೀವು ಟೀವಿಯಲ್ಲಿ ಕಂಡಿರುತ್ತೀರಿ. ಸುಲಭದ ವಾಲಿ (ಚೆಂಡು ನೆಲ ಮುಟ್ಟುವ ಮುನ್ನವೇ ಹೊಡೆಯುವ ಹೊಡೆತ) ತಪ್ಪಿಸಿದ ಜೊತೆಗಾರನಿಗೆ ಯಾರೂ "ನೀನು ದಂಡ" ಎನ್ನುವುದಿಲ್ಲ; "ಇರಲಿ, ಮುಂದಿನದು ನಡುವಿಗೆ ಹೊಡಿ" ಎನ್ನುತ್ತಾರೆ. ಸಿಂಗಲ್ಸ್ ಆಡುವ ಹುಡುಗಿ ತನಗೂ ಅದನ್ನೇ ಹೇಳಿಕೊಳ್ಳಲಿ, ಬೇಕಿದ್ದರೆ ತನ್ನ ಹೆಸರು ಹಿಡಿದು ಕರೆದುಕೊಂಡೇ ಹೇಳಿಕೊಳ್ಳಲಿ. "ನಾನು" ಎನ್ನುವುದಕ್ಕಿಂತ ಹೆಸರು ಹಿಡಿದು ಕರೆದುಕೊಂಡಾಗ ಕಳವಳದಿಂದ ತುಸು ದೂರ ನಿಲ್ಲಲು ಸಾಧ್ಯವಾಗುತ್ತದೆಂದು ಮನೋವಿಜ್ಞಾನಿಗಳೂ ಹೇಳುತ್ತಾರೆ.

ಕಳೆದುಕೊಂಡ ಪಾಯಿಂಟ್‌ಗೆ ಎಷ್ಟು ಬೆಲೆ ಕೊಡಬೇಕೆಂಬುದಕ್ಕೆ ರೋಜರ್ ಫೆಡರರ್ 2024ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಕೊಟ್ಟ ಲೆಕ್ಕವಿದೆ: ತಾವಾಡಿದ 1,526 ಸಿಂಗಲ್ಸ್ ಪಂದ್ಯಗಳಲ್ಲಿ ಶೇಕಡಾ 80ರ ಹತ್ತಿರ ಗೆದ್ದ ಅವರು ಗೆದ್ದ ಪಾಯಿಂಟ್‌ಗಳು ಶೇಕಡಾ 54 ಮಾತ್ರ. ಅದೇ ಫೆಡರರ್ ಎದುರು 2019ರ ವಿಂಬಲ್ಡನ್ ಫೈನಲ್‌ನಲ್ಲಿ ಇನ್ನೊಂದೇ ಪಾಯಿಂಟ್ ಸೋತರೆ ಪ್ರಶಸ್ತಿ ಕೈತಪ್ಪುವ ಸ್ಥಿತಿಯಿಂದ ಎರಡು ಬಾರಿ ಪಾರಾಗಿ ಗೆದ್ದ ನೊವಾಕ್ ಜೊಕೊವಿಚ್, ಜನ "ರೋಜರ್" ಎಂದು ಕೂಗುವಾಗ ತನಗೆ "ನೊವಾಕ್" ಎಂದೇ ಕೇಳುತ್ತದೆ, ಹಾಗೆಂದು ತನ್ನನ್ನು ತಾನು ನಂಬಿಸಿಕೊಳ್ಳುತ್ತೇನೆ ಎಂದಿದ್ದರು. ಹೀಗೆ ನಂಬಿಸಿಕೊಳ್ಳುವುದು ಆ ಒಂದು ಮಧ್ಯಾಹ್ನದಲ್ಲಿ ಕಲಿತ ವಿದ್ಯೆಯಾಗಿರಲಾರದು.

ಮಳೆಗಾಲದ ಅಭ್ಯಾಸಕ್ಕೆ ಬರೋಣ. ಜಗಲಿಯಲ್ಲಿ ನಿಂತು, ಮಾಡು ತಾಗದಷ್ಟು ಎತ್ತರಕ್ಕೆ ಚೆಂಡು ಎಸೆದು ಹಿಡಿಯುವುದು. ಪ್ರತಿ ಎಸೆತಕ್ಕೂ ಮುನ್ನ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆದು, ಒಮ್ಮೆ ನಿಧಾನವಾಗಿ ಉಸಿರು ಬಿಟ್ಟು, ಆರಿಸಿಕೊಂಡ ಸೂಚನೆಯೊಂದನ್ನು ದನಿ ತೆಗೆದು ಹೇಳುವುದು. ಇಷ್ಟಕ್ಕೆ 25 ಸೆಕೆಂಡು ಧಾರಾಳವಾಗಿ ಸಾಕು. ನಡುನಡುವೆ ಮನೆಯವರೊಬ್ಬರು "ಮೂವತ್ತು–ನಲವತ್ತು, ಎರಡನೆಯ ಸರ್ವ್" ಎಂದು ಕೂಗಿದರೆ ಇನ್ನೂ ಒಳ್ಳೆಯದು, ಆದರೆ ಎಸೆತ ಕೆಟ್ಟಾಗ ಅವರು ನಗಬಾರದು. ಸೂಚನೆ ಕನ್ನಡದಲ್ಲಿರಲಿ, ಕೊಡವ ತಕ್ಕಿನಲ್ಲಿರಲಿ, ಅರೆಭಾಷೆಯಲ್ಲಿರಲಿ, ತಡವರಿಸದೆ ಬರುವ ಮಾತಾಗಿದ್ದರೆ ಸಾಕು. ಪಾಚಿ ಒಣಗಿ ಅಂಕಣ ತೆರೆದ ಮೊದಲ ದಿನ ಡಬಲ್ ಫಾಲ್ಟ್ ಆಗಿಯೇ ಆಗುತ್ತದೆ; ಆಗ ಬಾಯಿಗೆ ಮೊದಲು ಬಂದ ಮಾತು ಯಾವುದೆಂದು ಸಂಜೆ ಒಂದು ಪುಸ್ತಕದಲ್ಲಿ ಬರೆದಿಡಿ.