ಅರಿವು ಕೇಂದ್ರದಲ್ಲಿ ಹದಿನಾಲ್ಕು ದೀಪ

ನಮಸ್ಕಾರ. ನೀವು ನೋಡುತ್ತಿರುವುದು ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ. ಹಳಬರ ಬಾಯಲ್ಲಿ ಅದಿನ್ನೂ ಲೈಬ್ರರಿಯೇ. ಮೇಜಿನ ಸುತ್ತ ಕುಳಿತ ಹದಿನಾಲ್ಕು ಮಕ್ಕಳು ಹತ್ತರಿಂದ ಹನ್ನೆರಡು ವರ್ಷದವರು, ಎಲ್ಲರೂ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಉಚಿತವಾಗಿ ಸದಸ್ಯರಾದವರು. ಇಂದು ಅವರು ಬೆಳಗುವ ಶುಭಾಶಯ ಪತ್ರ ಮಾಡುತ್ತಿದ್ದಾರೆ. ಕತ್ತರಿಸುವುದೂ ಅಂಟಿಸುವುದೂ ನಿಮಗೇ ಕಾಣುತ್ತಿರುವುದರಿಂದ ವಿವರಿಸುವುದಿಲ್ಲ. ಎಲ್‌ಇಡಿಯ ಉದ್ದನೆಯ ಕಾಲು ಬ್ಯಾಟರಿಯ ಪ್ಲಸ್ ಕಡೆಗಿರಬೇಕು, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಆದರೆ ತಂತಿಯ ಬದಲು ಪತ್ರದ ಮೇಲೆ ಅಂಟಿಸುವ ಆ ತಾಮ್ರದ ಟೇಪಿನ ಸಂಗತಿ ಹೇಳದೆ ಮುಂದೆ ಹೋಗಲಾರೆ. ಎಲ್‌ಇಡಿಗಳನ್ನು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಂದೊಂದಾಗಿ ಪರೀಕ್ಷಿಸಿ ತಂದ ನಾನು, ಟೇಪನ್ನು ಮಾತ್ರ ಇನ್ನೊಂದು ಬಗೆಯ ಟೇಪಿಗಿಂತ 90 ರೂಪಾಯಿ ಕಡಿಮೆ ಎಂಬ ಒಂದೇ ಕಾರಣಕ್ಕೆ ಆನ್‌ಲೈನ್‌ನಲ್ಲಿ ತರಿಸಿದೆ. ಹದಿಮೂರು ಪತ್ರಗಳು ಹೊತ್ತಲೇ ಇಲ್ಲ. ಬ್ಯಾಟರಿ ಬದಲಿಸಿದೆವು, ಎಲ್‌ಇಡಿ ತಿರುಗಿಸಿದೆವು, ನಲವತ್ತು ನಿಮಿಷ ಹಾಳಾಯಿತು. ಮೇಲ್ವಿಚಾರಕರು ಪಾಪ, ಕರೆಂಟ್ ಇದೆಯೇ ಎಂದು ಗೋಡೆಯ ಸ್ವಿಚ್ಚನ್ನೂ ಒತ್ತಿ ನೋಡಿದರು. ಹೊತ್ತಿದ್ದ ಒಂದೇ ಪತ್ರದ ಹುಡುಗಿಯನ್ನು ಹೇಗೆ ಮಾಡಿದೆ ಎಂದು ಕೇಳಿದರೆ, ‘ಅಕ್ಕಾ, ನನ್ಗೆ ಕತ್ರಿ ಸಿಗ್ಲಿಲ್ಲ, ಅದಕ್ಕೆ ಮಡಚ್ದೆ’ ಎಂದಳು. ಉಳಿದವರೆಲ್ಲ ಮೂಲೆಯಲ್ಲಿ ಟೇಪನ್ನು ಕತ್ತರಿಸಿ, ಒಂದು ತುಂಡಿನ ಮೇಲೆ ಇನ್ನೊಂದನ್ನು ಅಂಟಿಸಿದ್ದರು. ತಾಮ್ರದಲ್ಲಿ ವಿದ್ಯುತ್ ಹರಿಯುತ್ತದೆ, ಆದರೆ ಅಗ್ಗದ ಟೇಪಿನ ಅಡಿಯ ಅಂಟಿನಲ್ಲಿ ಹರಿಯುವುದಿಲ್ಲ! ಮೂಲೆಯಲ್ಲಿ ಕತ್ತರಿಸದೆ ಮಡಚಿ ತಿರುಗಿಸಿದರೆ ಅಂಟು ನಡುವೆ ಬರುವುದೇ ಇಲ್ಲ.

ಸಿದ್ಧ ಕಿಟ್‌ಗಳಿಗೆ ದುಡ್ಡು ಸುರಿಯುವುದು ದಂಡ ಎಂದು ಕಳೆದ ವೀಡಿಯೊದಲ್ಲಿ ಹೇಳಿದ್ದೆ. ಆ ನಲವತ್ತು ನಿಮಿಷ ಆ ಮಾತನ್ನು ಮನಸ್ಸಿನಲ್ಲೇ ಹಿಂತೆಗೆದುಕೊಂಡಿದ್ದೆ; ಪತ್ರಗಳು ಬೆಳಗಿದ ಮೇಲೆ ಮತ್ತೆ ಅಲ್ಲಿಗೇ ಬಂದು ನಿಂತಿದ್ದೇನೆ.

ಈ ಹುಡುಗನ ಮುಖ ನೋಡಿ. ಒಂದೇ ಬ್ಯಾಟರಿಗೆ ಕೆಂಪು, ನೀಲಿ ಎರಡನ್ನೂ ಅಕ್ಕಪಕ್ಕ ಸೇರಿಸಿ, ನೀಲಿ ಸುಟ್ಟುಹೋಯಿತೆಂದು ಅಳುಮೋರೆ ಮಾಡಿದ್ದಾನೆ. ಕೆಂಪು ಸುಮಾರು 2 ವೋಲ್ಟ್‌ಗೇ ಬೆಳಗಿ, ಬ್ಯಾಟರಿಯ ವೋಲ್ಟೇಜನ್ನು ಅಲ್ಲಿಗೇ ಎಳೆದಿಟ್ಟುಕೊಳ್ಳುತ್ತದೆ. ನೀಲಿಗೆ ಹೆಚ್ಚು ಕಡಿಮೆ 3 ವೋಲ್ಟ್ ಬೇಕು. ಕೆಂಪನ್ನು ಕಿತ್ತ ಕೂಡಲೇ ನೀಲಿ ಹೊತ್ತಿತು, ಮೋರೆಯೂ.

ಇನ್ನು ಬ್ಯಾಟರಿಗಳ ಲೆಕ್ಕ. ಎರಡು ಸೆಂಟಿಮೀಟರ್ ಅಗಲದ ಈ ಸಿಆರ್‌ 2032 ಎಂಬ ನಾಣ್ಯದಂಥ ಬ್ಯಾಟರಿಯನ್ನು ಪುಟ್ಟ ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾಗಿ ಸುಡಬಹುದು. ಆದ್ದರಿಂದ ಪತ್ರ ಮನೆಗೆ, ಬ್ಯಾಟರಿ ನನ್ನ ಡಬ್ಬಿಗೆ. ಮಕ್ಕಳಿಗೆ ಇದು ಒಪ್ಪಿಗೆಯಿಲ್ಲ. ಹದಿನಾಲ್ಕು ಕೊಟ್ಟಿದ್ದೆ, ಹದಿಮೂರು ಬಂದಿವೆ. ಕ್ಯಾಮೆರಾ ಇಲ್ಲಿಗೆ ನಿಲ್ಲಿಸುತ್ತೇನೆ, ಮೇಜಿನ ಕೆಳಗೆ ಹುಡುಕಬೇಕು.