ಹಿಮ್ಮಡಿಯ ಒಂದು ಹನಿ

ಕೇಳುಗರಿಗೆ ನಮಸ್ಕಾರ. ರೇಡಿಯೋ ಪಕ್ಕದಲ್ಲಿ ಬಸುರಿಯರು ಕೂತಿದ್ದರೆ ಸ್ವಲ್ಪ ಸದ್ದು ಜಾಸ್ತಿ ಮಾಡಿಕೊಳ್ಳಿ. ಅತ್ತೆಯಂದಿರನ್ನೂ ಕರೆಯಿರಿ. ಇವತ್ತು ನಾನು ಹೇಳಬೇಕಾದ ಮಾತು ಒಂದೇ. ಹೆರಿಗೆಯಾಗಿ ಎರಡು ದಿನ ತುಂಬಿದ ಮೇಲೆ, ಮೂರನೇ ದಿನ ಮುಗಿಯುವುದರೊಳಗೆ, ಕೂಸಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆಸಿ ಪರೀಕ್ಷೆ ಮಾಡಿಸಿ.

ಯಾಕೆ? ನಾವು ಉಂಡ ಅನ್ನ, ಬೇಳೆ, ಕುಡಿದ ಹಾಲು ಹೊಟ್ಟೆಯಲ್ಲಿ ಕರಗಿದರೆ ಮುಗಿಯಲಿಲ್ಲ. ಮೈಯೊಳಗೆ ಒಂದು ವಸ್ತು ಇನ್ನೊಂದಾಗುತ್ತದೆ, ಅದು ಮತ್ತೊಂದಾಗುತ್ತದೆ. ಗದ್ದೆಗೆ ನೀರು ಹರಿಸುವ ಕಾಲುವೆ ಇದ್ದ ಹಾಗೆ. ಒಂದು ಕಡೆ ಮಣ್ಣು ಬಿದ್ದು ಕಟ್ಟಿಕೊಂಡರೆ ಏನಾಗುತ್ತದೆ? ಮುಂದಿನ ಗದ್ದೆ ಒಣಗುತ್ತದೆ, ಹಿಂದೆ ನೀರು ತುಂಬಿ ಬದು ಒಡೆದು ಬೇರೆ ಕಡೆ ನುಗ್ಗುತ್ತದೆ. ಮೈಯಲ್ಲೂ ಹಾಗೇ. ಎಲ್ಲಿ ಕಟ್ಟಿಕೊಂಡಿದೆ ಎಂಬುದು ರಕ್ತದಲ್ಲಿ, ಮೂತ್ರದಲ್ಲಿ ಕಾಣುತ್ತದೆ.

ಇಂಥ ಒಂದು ಕಾಯಿಲೆಯನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಒಬ್ಬ ತಾಯಿಯ ಮೂಗು. ಆ ಕಥೆ ಹೇಳಲೇಬೇಕು.

ನಾರ್ವೆ ದೇಶದಲ್ಲಿ ಬೋರ್ಗ್ನಿ ಎಗೆಲಾಂಡ್ ಎಂಬ ತಾಯಿ ಇದ್ದರು. ಇಬ್ಬರು ಮಕ್ಕಳು, ಮಗಳು ಲಿವ್, ಮಗ ಡಾಗ್. ಹುಟ್ಟಿದಾಗ ಇಬ್ಬರೂ ಚೆನ್ನಾಗಿಯೇ ಇದ್ದರು. ಬೆಳೆಯುತ್ತಾ ಬುದ್ಧಿ ಮಾತ್ರ ಬೆಳೆಯಲಿಲ್ಲ. ಆ ತಾಯಿ ಇನ್ನೊಂದು ವಿಷಯ ಗಮನಿಸಿದ್ದರು. ಮಕ್ಕಳ ಮೂತ್ರಕ್ಕೆ ಒಂದು ಥರ ಮುಗ್ಗಲು ವಾಸನೆ. ವೈದ್ಯರಿಂದ ವೈದ್ಯರಿಗೆ ಅಲೆದರು. ಯಾರ ಹತ್ತಿರವೂ ಉತ್ತರವಿರಲಿಲ್ಲ. ಅವರು ಬಿಡಲಿಲ್ಲ.

1934ರಲ್ಲಿ ಆಸ್ಲೋ ನಗರದ ಆಸ್‌ಬ್ಯೋರ್ನ್ ಫೋಲಿಂಗ್ ಅವರ ಬಳಿ ಬಂದರು. ಅವರು ವೈದ್ಯರೂ ಹೌದು, ರಸಾಯನಶಾಸ್ತ್ರ ಓದಿದವರೂ ಹೌದು. ಮಕ್ಕಳ ಮೂತ್ರಕ್ಕೆ ಅವರು ಫೆರಿಕ್ ಕ್ಲೋರೈಡ್ ಎಂಬ ರಾಸಾಯನಿಕ ಹಾಕಿದರು. ಸಕ್ಕರೆ ಕಾಯಿಲೆ ಜೋರಾದವರಲ್ಲಿ ಇದು ಕೆಂಪು ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಕಡು ಹಸಿರಾಯಿತು! ಅವರು ಅಂಥ ಬಣ್ಣವನ್ನು ಹಿಂದೆ ನೋಡಿರಲಿಲ್ಲ. ಮಕ್ಕಳಿಗೆ ಕೊಡುತ್ತಿದ್ದ ಔಷಧಿಯಿಂದ ಹೀಗಾಯಿತೇನೋ ಎಂದು ಅದನ್ನು ನಿಲ್ಲಿಸಲು ಹೇಳಿ ಮತ್ತೆ ನೋಡಿದರು. ಮತ್ತೆ ಹಸಿರೇ. ತಾಯಿ 20 ಲೀಟರಿಗೂ ಹೆಚ್ಚು ಮೂತ್ರ ತಂದುಕೊಟ್ಟರು. ಯೋಚಿಸಿ, ಮಾತು ಬಾರದ, ಹೇಳಿದ್ದು ತಿಳಿಯದ ಮಗುವಿನಿಂದ ಅಷ್ಟು ಮೂತ್ರ ಹಿಡಿದು ಕೂಡಿಸುವುದು ಸುಲಭದ ಕೆಲಸ ಅಲ್ವಲ್ಲ! ಕೊನೆಗೆ ಫೋಲಿಂಗ್ ಅದರಿಂದ ಫಿನೈಲ್‌ಪೈರುವಿಕ್ ಆಮ್ಲವನ್ನು ಬೇರ್ಪಡಿಸಿದರು. ಬುದ್ಧಿಮಾಂದ್ಯರ ಆಶ್ರಮಗಳಲ್ಲಿ 430 ಜನರನ್ನು ಪರೀಕ್ಷಿಸಿದರು. ಇನ್ನೂ 8 ಜನರ ಮೂತ್ರ ಹಸಿರಾಯಿತು.

ಆ ಕಾಯಿಲೆಗೆ ಈಗ ಪಿಕೆಯು, ಅಂದರೆ ಫಿನೈಲ್‌ಕೀಟೋನ್ಯೂರಿಯಾ ಎನ್ನುತ್ತಾರೆ. ಹಾಲು, ಬೇಳೆ, ಮೊಟ್ಟೆ ಎಲ್ಲದರಲ್ಲೂ ಫಿನೈಲ್‌ಅಲನೈನ್ ಎಂಬ ಅಂಶವಿದೆ. ಅದನ್ನು ಮುಂದಕ್ಕೆ ಕಳಿಸುವ ಕಾಲುವೆ ಈ ಮಕ್ಕಳಲ್ಲಿ ಕಟ್ಟಿಕೊಂಡಿರುತ್ತದೆ. ಅದು ರಕ್ತದಲ್ಲಿ ತುಂಬಿ ಬೆಳೆಯುವ ಮಿದುಳನ್ನು ಹಾಳು ಮಾಡುತ್ತದೆ, ಸ್ವಲ್ಪ ಭಾಗ ಬೇರೆ ದಾರಿ ಹಿಡಿದು ಫೋಲಿಂಗ್ ಕಂಡ ಆ ಆಮ್ಲವಾಗಿ ಮೂತ್ರಕ್ಕೆ ಬರುತ್ತದೆ. 1953ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು ಆ ಅಂಶ ಕಡಿಮೆ ಇರುವ ಆಹಾರ ಕೊಟ್ಟು ಒಂದು ಮಗುವಿನಲ್ಲಿ ಗುಣ ಕಂಡರು. ಎಗೆಲಾಂಡ್ ತಾಯಿಯ ಮಕ್ಕಳಿಗೆ ಅದು ತಡವಾಗಿತ್ತು. ಈ ಮಾತು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ. ಮೂತ್ರದಲ್ಲಿ ವಾಸನೆ ಬರುವಷ್ಟರಲ್ಲಿ ಮಿದುಳಿಗೆ ಪೆಟ್ಟು ಬೀಳಲು ಶುರುವಾಗಿರುತ್ತದೆ. ಅದಕ್ಕೇ ಮೂರನೇ ದಿನದ ಹನಿ.

ಆ ಹನಿಯನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ದಾರಿಯನ್ನು 1960ರ ದಶಕದ ಮೊದಲಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಹುಡುಕಿದರು. ಅವರ ಹೆಂಡತಿಯ ಸೋದರಿಯ ಮಗುವಿಗೆ ಇದೇ ಕಾಯಿಲೆ ಇತ್ತು. ಆಗ ಒಂದು ಹನಿಗೆ ಒಂದು ಕಾಯಿಲೆ. ಈಗಿನ ಯಂತ್ರ ರಕ್ತದೊಳಗಿನ ಹತ್ತಾರು ವಸ್ತುಗಳನ್ನು ಕೆಲವೇ ನಿಮಿಷದಲ್ಲಿ ತೂಗಿ ನೋಡುತ್ತದೆ. ಯಾವುದು ಜಾಸ್ತಿ, ಯಾವುದು ಕಡಿಮೆ ಎಂಬ ಇಡೀ ಪಟ್ಟಿ ಸಿಗುತ್ತದೆ. ಅದೇ ಹನಿಯಲ್ಲಿ ಥೈರಾಯ್ಡ್ ಕೊರತೆಯೂ ಗೊತ್ತಾಗುತ್ತದೆ. ಅದಕ್ಕೆ ದಿನಕ್ಕೊಂದು ಮಾತ್ರೆ ಸಾಕು.

"ನಮ್ಮ ಮನೆತನದಲ್ಲಿ ಯಾರಿಗೂ ಇಂಥದ್ದಿಲ್ಲ" ಎನ್ನಬೇಡಿ. ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿದ್ದು ಒಳಗೇ ಈ ದೋಷ ಹೊತ್ತಿರಬಹುದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕಡೆ ಎರಡೂ ಕಡೆಯಿಂದ ಒಂದೇ ದೋಷ ಬರುವ ಸಾಧ್ಯತೆ ಜಾಸ್ತಿ. 1980ರ ದಶಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ 1 ಲಕ್ಷಕ್ಕೂ ಹೆಚ್ಚು ಹಸುಗೂಸುಗಳ ರಕ್ತವನ್ನು ಹೀಗೆ ನೋಡಿದ್ದರು. ಇದು ಪರದೇಶದ ಮಾತಲ್ಲ.

ಔಷಧಿ ಹುಡುಕುವ ಬಗ್ಗೆಯೂ ಹೇಳಬೇಕಿತ್ತು, ಸಮಯ ಕಡಿಮೆ ಇದೆ. ಒಂದೇ ಉದಾಹರಣೆ. ಹೊಲದ ಕಳೆ ಕೊಲ್ಲಲು ಮಾಡಿದ ನಿಟಿಸಿನೋನ್ ಎಂಬ ವಸ್ತುವನ್ನು ಇಲಿಗಳಿಗೆ ಕೊಟ್ಟಾಗ ರಕ್ತದಲ್ಲಿ ಟೈರೋಸಿನ್ ಎಂಬ ಆಹಾರದ ಅಂಶ ಏರಿತು. ಅದನ್ನು ಹಿಡಿದು ಹೊರಟಾಗ ಅದು ಯಾವ ಕಾಲುವೆ ಮುಚ್ಚುತ್ತದೆ ಎಂದು ತಿಳಿಯಿತು. ಟೈರೋಸಿನ್ ದೋಷದಿಂದ ಮಕ್ಕಳ ಯಕೃತ್ತು ಕೆಡುವ ಒಂದು ಕಾಯಿಲೆಗೆ 1992ರ ಹೊತ್ತಿಗೆ ಅದೇ ಮದ್ದಾಯಿತು. ಅದೂ ಬೇಗ ಶುರು ಮಾಡಿದರೇ ಚೆನ್ನಾಗಿ ಕೆಲಸ ಮಾಡುತ್ತದೆ.

ಹೆರಿಗೆಗೆ ಮುಂಚೆಯೇ ಆಸ್ಪತ್ರೆಯಲ್ಲಿ ಈ ಪರೀಕ್ಷೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಎಲ್ಲಿದೆ ಎಂದು ಕೇಳಿ. ಸೂಜಿ ಚುಚ್ಚಿದಾಗ ಕೂಸು ಅಳುತ್ತದೆ, ಎದೆಗೆ ಹಾಕಿಕೊಳ್ಳಿ, ಸುಮ್ಮನಾಗುತ್ತದೆ. ಬಾಣಂತನಕ್ಕೆ ತವರಿಗೆ ಹೋಗುವವರು ಅಲ್ಲಿಯ ಫೋನ್ ನಂಬರನ್ನೂ ಬರೆಸಿ. ವರದಿ ಬಂದಾಗ ತಾಯಿ ಎಲ್ಲಿದ್ದಾಳೆಂದು ಗೊತ್ತಾಗದೆ ಲ್ಯಾಬಿನವರು ಹುಡುಕಾಡುವುದನ್ನು ನಾನು ನೋಡಿದ್ದೇನೆ. ಆಸ್ಪತ್ರೆಯಿಂದ ಕರೆ ಬಂದರೆ ನಾಳೆ, ನಾಡಿದ್ದು ಎನ್ನದೆ ಅವತ್ತೇ ಹೊರಡಿ. ನಮಸ್ಕಾರ.